ಹೂವು ಕೇಳಿದಿರಂತೆ

ಹಳ್ಳಿಮೈಸೂರು
14 ಜುಲೈ 2024, ಭಾನುವಾರ

ಪ್ರೀತಿಯ ಧರ್ಮೇಂದ್ರ ಅವರಿಗೆ,

ಹೆಸರು ಹಿಡಿದು ಬರೆದಿದ್ದೇನೆ. ಮದುವೆಯಾದ ಹದಿನೈದು ವರ್ಷಕ್ಕೆ ಅಷ್ಟು ಸಿಟ್ಟು ಬಂದಿದೆ ಎಂದು ತಿಳಿದುಕೊಳ್ಳಿ. ಅರಕಲಗೂಡಿನಿಂದ ದಿನಾ ಫೋನ್ ಮಾಡುತ್ತೀರಿ, ನಿಜ. ಮಾತ್ರೆ ತಗೊಂಡ್ಯಾ, ಕೈ ಊತ ಇಳೀತಾ ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಡುತ್ತೀರಿ. ಅದಕ್ಕೇ ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯುತ್ತಿದ್ದೇನೆ.

ಎದೆಯ ಗಡ್ಡೆ ತೆಗೆಸಿಕೊಂಡು ಅಮ್ಮನ ಮನೆಗೆ ಬಂದು ಇಪ್ಪತ್ತೆರಡು ದಿನವಾಯಿತು. ಹಾಸನದ ಡಾಕ್ಟರಮ್ಮ ಹೇಳಿದ್ದು ನೆನಪಿದೆಯಲ್ಲ? ಗಡ್ಡೆ ಪೂರ್ತಿ ಹೋಗಿದೆ, ಆದರೂ ನಾಲ್ಕು ಸಲ ಕೀಮೋ ತೆಗೆದುಕೊಂಡರೆ ಮತ್ತೆ ಬರುವ ಸಾಧ್ಯತೆ ಇನ್ನಷ್ಟು ಕಡಿಮೆ, ಕಷ್ಟವೂ ಇದೆ, ಯೋಚಿಸಿ ಹೇಳಿ ಎಂದರು. ಅವರು ನೋಡಿದ್ದು ನನ್ನ ಮುಖ. "ಮನೇಲಿ ಕೇಳ್ತೀವಿ ಮೇಡಂ" ಎಂದವರು ನೀವು. ಆ ಮನೆಯಲ್ಲಿ ನಾನಿಲ್ಲವೇ?

ಆಮೇಲೆ ನೀವು ಕೇಳದವರೇ ಉಳಿದಿಲ್ಲ. ನಿಮ್ಮ ಅಪ್ಪನನ್ನು ಕೇಳಿದಿರಿ. ನಿಮ್ಮ ತಾಲ್ಲೂಕು ಕಚೇರಿಯ ರಜನೀಶ್‌ರನ್ನು ಕೇಳಿದಿರಿ. ಅವರು ಪರಂಗಿ ಎಲೆ ರಸದ ವಿಡಿಯೋವನ್ನು ನನಗೇ ಮೂರು ಸಲ ಕಳಿಸಿದರು. ನಿನ್ನೆ ಮಲ್ಲಿಪಟ್ಟಣದ ನಿಮ್ಮ ದೊಡ್ಡಮ್ಮ ಬೆಟ್ಟಮ್ಮ ಬಾಳೆಹಣ್ಣು ಹಿಡಿದು ಬಂದು, "ಆ ಇಂಜೆಕ್ಸನ್ ತಗಂಡೋರು ಯಾರೂ ಉಳ್ದಿಲ್ಲ ಕಣವ್ವ, ನೀನು ಮಾತ್ರ ಎದರ್ಕಬ್ಯಾಡ" ಎಂದು ಧೈರ್ಯ ಹೇಳಿ ಹೋದರು.

ಹೊರಡುವಾಗ ಅವರೇ ಬಾಯಿಬಿಟ್ಟರು, ನೀವು ಕೇರಿಯ ಮಾರಮ್ಮನ ಮುಂದೆ ನಿಂತು ಹೂವು ಕೇಳಿದಿರಂತೆ. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ದೇವರ ಪಟಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದವರು! ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ, ಸ್ವಂತ ಬುದ್ಧಿಯಿಂದ ಬದುಕಬೇಕು ಎಂದು ಮಗಳು ಬಿಂದುಶ್ರೀಗೆ ಪಾಠ ಹೇಳುವವರು. ಆಪರೇಷನ್ನಿಗೆ ಮುಂಚೆ ನನ್ನ ಅಮ್ಮ ಹರಕೆ ಹೊತ್ತರೆಂದು ಎರಡು ದಿನ ಮುಖ ಊದಿಸಿಕೊಂಡಿದ್ದೂ ನೀವೇ.

ಅಮ್ಮನ ಮುಡಿಯ ಹೂವು ಬಲಗಡೆ ಬಿದ್ದರೆ ಕೀಮೋ, ಎಡಗಡೆ ಬಿದ್ದರೆ ಬೇಡ ಎಂದು ಕೇಳಿದಿರಿ. ಬಲಗಡೆ ಬಿತ್ತು. ಸಮಾಧಾನವಾಗದೆ ಮತ್ತೆ ಕೇಳಿದಿರಿ. ಎಡಗಡೆ ಬಿತ್ತು. ಅದೂ ಒಪ್ಪಿಗೆಯಾಗಲಿಲ್ಲ. ಮೂರನೇ ಸಲ ಕೈಮುಗಿದಾಗ ಪೂಜಾರಿ ಶಿವಯ್ಯ, "ಅಮ್ಮ ಏನ್ ನಿಮ್ಮಾಫೀಸ್ನೋಳಾ ಸಾ, ಅರ್ಜಿ ಮ್ಯಾಲೆ ಅರ್ಜಿ ಕೊಡಕೆ" ಎಂದರಂತೆ.

ಹೊಲಿಗೆ ನೋಯುವಷ್ಟು ನಕ್ಕೆ. ಆಮೇಲೆ ಅಳು ಬಂತು. ನೀವು ಹೆದರಿದ್ದೀರಿ ಎಂದು ನನಗೆ ಗೊತ್ತು ರೀ. ಕೀಮೋದಿಂದ ನಾನು ನರಳಿದರೂ ನಿಮ್ಮ ತಪ್ಪು, ಕೊಡಿಸದೆ ಕಾಯಿಲೆ ಮರಳಿದರೂ ನಿಮ್ಮ ತಪ್ಪು ಎಂದುಕೊಂಡು, ಆ ತಪ್ಪನ್ನು ಹೊರುವವರನ್ನು ಹುಡುಕುತ್ತಿದ್ದೀರಿ. ಆದರೆ ಸೂಜಿ ಚುಚ್ಚುವುದು ನನ್ನ ಕೈಗೆ. ಮತ್ತೆ ಬಂದರೆ ಬರುವುದೂ ನನ್ನ ಮೈಗೆ. ಊರೆಲ್ಲ ಕೇಳಿದವರು ನನ್ನನ್ನೊಂದು ಸಲ ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಇನ್ನೂ ಸಿಟ್ಟಿನಲ್ಲೇ ಇರುವ ನಿಮ್ಮ,
ಶೋಭಿತಾ

ತಾ.ಕ.: ಇದನ್ನು ಬರೆಯದಿದ್ದರೆ ಮೋಸವಾಗುತ್ತದೆ. ಮೊನ್ನೆ ಶುಕ್ರವಾರ ಅಮ್ಮನ ಜೊತೆ ಹೋಗಿ ಇಲ್ಲಿಯ ದೇವಿಯ ಮುಂದೆ ನಾನೂ ಹೂವು ಕೇಳಿದೆ. ಮುಕ್ಕಾಲು ಗಂಟೆ ನಿಂತೆ. ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಡಾಕ್ಟರಮ್ಮನನ್ನು ಬಿಟ್ಟರೆ ನಿರ್ಧಾರವನ್ನು ನನಗೇ ಬಿಟ್ಟವಳು ಅವಳೊಬ್ಬಳೇ. ಮನೆಗೆ ಬಂದವಳೇ ಆಸ್ಪತ್ರೆಗೆ ಫೋನ್ ಮಾಡಿ, ಕೀಮೋ ತೆಗೆದುಕೊಳ್ಳುತ್ತೇನೆ ಎಂದೆ. ಇಪ್ಪತ್ತಮೂರನೇ ತಾರೀಕು, ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ. ನನಗೂ ಹೆದರಿಕೆ ಇದೆ. ರಜೆ ಹಾಕಿ ಬನ್ನಿ. ಬರಲೋ ಬೇಡವೋ ಎಂದು ಯಾರನ್ನೂ ಕೇಳಬೇಡಿ.