ಗಂಡನ ಹೆಸರಿನ ಗೆರೆ

ಹೊಸಹಳ್ಳಿ
೯-೨-೧೯೯೯

ನಮ್ಮ ದುರ್ಗಾಳ ಅಪ್ಪನಿಗೆ ನಮಸ್ಕಾರಗಳು.

ಹೇಗಿದ್ದೀರಿ? ಬಳ್ಳಾರಿಯ ಹಾಸ್ಟೆಲ್ ಅಡುಗೆಮನೆಯ ಹೊಗೆಗೆ ಕೆಮ್ಮು ಹತ್ತಿದೆ ಎಂದು ಬರೆದಿದ್ದಿರಿ, ಕಡಿಮೆಯಾಯಿತೇ? ಬಿಸಿನೀರು ಕುಡಿಯಿರಿ ಎಂದರೆ ಕೇಳುವವರಲ್ಲ ನೀವು. ದುರ್ಗಾ ಚೆನ್ನಾಗಿದ್ದಾಳೆ. ನಾನು ಮಾತ್ರ ತಲೆಕೆಟ್ಟು ಕುಳಿತಿದ್ದೇನೆ.

ಸಂಸ್ಥೆಯವರ ಪರವಾಗಿ ನಾನು ಎರಡು ವರ್ಷದಿಂದ ನಡೆಸುತ್ತಿರುವ ಹೆಂಗಸರ ಓದು-ಬರಹದ ಕ್ಲಾಸಿನಿಂದ ಊರಿಗೆ ಏನು ಉಪಯೋಗವಾಗಿದೆ ಎಂದು ಅಳೆಯಲು ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದಿದ್ದರು. ಅಳೆಯುವುದಕ್ಕೆ ಇದೇನು ಜೋಳವೇ? ಇರಲಿ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಮೇಲೆ ನಿಮ್ಮ ಹೆಸರು, ಕೆಳಗಿನ ಗೆರೆಯ ಮೇಲೆ ಗಂಡನ ಹೆಸರು ಬರೆಯಿರಿ ಎಂದರು. ಮುಗಿಯಿತು ಕಥೆ! ಇಪ್ಪತ್ತೆರಡು ಜನವೂ ತಮ್ಮ ಹೆಸರು ಮುತ್ತಿನಂತೆ ಬರೆದು, ಬಾಯಿಗೆ ಸೆರಗಿಟ್ಟು ಕುಳಿತರು. ಗಾಳೆಮ್ಮ ಒಬ್ಬಳು ಧೈರ್ಯ ಮಾಡಿ "ನಮ್ ಮೈಲಮ್ಮನ ಅಪ್ಪ" ಎಂದು ಬರೆದಳು. ಸಾಹೇಬರು ಅದಕ್ಕೂ ಕೆಂಪು ಗೀಟು ಹಾಕಿದರು. ನಮ್ಮ ಓಣಿಯ ನಲ್ಲಿಗೆ ಪಂಚಾಯಿತಿಗೆ ಅರ್ಜಿ ಬರೆದವಳು ಸುಂಕಮ್ಮ. ಗೆರೆ ಖಾಲಿ ಬಿಟ್ಟಿದ್ದಕ್ಕೆ ಅವಳೂ ಅನಕ್ಷರಸ್ಥೆಯಂತೆ! "ಆ ಅರ್ಜಿ ಒಮ್ಮಿ ನೋಡ್ರಿ ಸಾಹೇಬ್ರ" ಎಂದು ಗೋಗರೆದೆ. ಫಾರಂನಲ್ಲಿ ಅದಕ್ಕೆ ಜಾಗವಿಲ್ಲವಂತೆ. ಫಲಿತಾಂಶ ಸೊನ್ನೆ. ಮುಂದಿನ ತಿಂಗಳಿಂದ ಕ್ಲಾಸು ಬಂದ್.

ಸಾಹೇಬರ ಮೇಲೆ ಎಷ್ಟು ಸಿಟ್ಟೋ ಈ ಹೆಂಗಸರ ಮೇಲೂ ಅಷ್ಟೇ ಸಿಟ್ಟು ಬಂತು. "ಬರದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಬೈದೆ. ಗಾಳೆಮ್ಮ ಬಿಡುವವಳೇ? "ಗಂಡನ ಹೆಸರು ಬರದ್ರ ಆತನ ಆಯುಷ್ಯ ಕಡಿಮಿ ಆಕ್ಕತಿ. ಮೊದ್ಲು ನೀನು ಬರಿ. ನಿನ್ನ ಗಂಡಗ ಏನೂ ಆಗ್ಲಿಲ್ಲಂದ್ರ ನಾವೂ ಬರಿತೀವಿ" ಎಂದಳು. ಇಷ್ಟೇ ತಾನೇ ಎಂದು ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತೆ. ನಿಮ್ಮ ಕೆಮ್ಮು ನೆನಪಾಯಿತು ನೋಡಿ, ಕೈ ಏಳಲೇ ಇಲ್ಲ. ಎಲ್ಲರೂ ಘೊಳ್ಳೆಂದು ನಕ್ಕರು. ಟೀಚರಮ್ಮನಂತೆ ನಾನು, ಥೂ! ಕಾಡಿ ಬೇಡಿದ ಮೇಲೆ ಸಾಹೇಬರು ಹತ್ತೊಂಬತ್ತನೇ ತಾರೀಖು ಇನ್ನೊಮ್ಮೆ ಪರೀಕ್ಷೆ ಮಾಡಲು ಒಪ್ಪಿದ್ದಾರೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ
ಹೊನ್ನೂರಮ್ಮ

ತಾ.ಕ.: ಪ್ರತಿ ಸಲ ಕವರಿನ ಮೇಲೆ ನಿಮ್ಮ ಹೆಸರು ಬರೆದುಕೊಡುತ್ತಿದ್ದ ನಿಮ್ಮ ತಮ್ಮ ಚೌಡಣ್ಣನನ್ನು ಈ ಸಲ ಕರೆಯಲಿಲ್ಲ. ಇಡೀ ಕ್ಲಾಸಿನ ಎದುರು ನಾನೇ ಬರೆದೆ. ಪಾಲಾಕ್ಷಪ್ಪ ಎಂಬುದರಲ್ಲಿ ಕ್ಷ ಸೊಟ್ಟಗಾಗಿದೆ, ನಗಬೇಡಿ. ಕಾಗದ ಮುಟ್ಟಿದ ದಿನವೇ, ಹುಷಾರಾಗಿದ್ದೇನೆ ಎಂದು ನಿಮ್ಮ ಕೈಯಾರೆ ಎರಡು ಸಾಲು ಬರೆದು ಹಾಕಿರಿ. ಹತ್ತೊಂಬತ್ತರೊಳಗೆ ಇವರಿಗೆಲ್ಲ ತೋರಿಸಬೇಕು. ಇವರಿಗಿಂತ ಮೊದಲು ನಾನು ಓದಬೇಕು.