ಗಾಜಿನ ಕಪಾಟಿನ ಅಲಾರಂಗಳು

ಇಂಡಿ,
ಶುಕ್ರವಾರ

ಸುರಕ್ಷತಾ ಅಧಿಕಾರಿ ಸಾಹೇಬರಿಗೆ ನಮಸ್ಕಾರ.

ನಿನ್ನೆ ಮದುವೆಯ ಸಿಹಿ ಉಂಡಿ ಕೊಡಲು ನಿಮ್ಮ ಸಕ್ಕರೆ ಕಾರ್ಖಾನೆಗೆ ಬಂದಿದ್ದ ಮದುಮಗಳು ನಾನೇ. ಕಬ್ಬಿನ ಕಟ್ಟು ಎತ್ತುವ ಅಷ್ಟು ದೊಡ್ಡ ಕ್ರೇನನ್ನು ನಡೆಸುವವರು ನನ್ನ ಗಂಡ ಎಂದು ಕುಣಿಯುವಷ್ಟು ಹೆಮ್ಮೆಯಾಯಿತು! ಕ್ರೇನಿನವರಿಗೂ ಕೆಳಗೆ ನಿಲ್ಲುವವರಿಗೂ ತರಿಸಿದ ವೈರ್‌ಲೆಸ್ ಅಲಾರಂಗಳನ್ನು ನೀವು ತೋರಿಸಿದಾಗಲಂತೂ ಚಪ್ಪಾಳೆ ತಟ್ಟಿಬಿಟ್ಟೆ. ಒಬ್ಬರು ಗುಂಡಿ ಒತ್ತಿದರೆ ಉಳಿದವರ ಸೊಂಟಕ್ಕೆ ಸಿಕ್ಕಿಸಿದ್ದೂ ಕೂಗುತ್ತದೆ, ಎಷ್ಟು ಚಂದ!

ಆದರೆ ಅವು ನಿಮ್ಮ ಗಾಜಿನ ಕಪಾಟಿನಲ್ಲಿದ್ದವು. ಆಯುಧಪೂಜೆಯ ಕುಂಕುಮ ಗುಂಡಿಯ ಮೇಲೆ ಗಟ್ಟಿಯಾಗಿತ್ತು. ಕಪಾಟಿನಲ್ಲೇ ಏಕೆ ಇಟ್ಟಿದ್ದೀರಿ ಎಂದು ಕೇಳಿದೆ.

“ಕಬ್ಬಿನ ರಸ ಹತ್ತಿ ಹೊಲಸ್ ಆಗ್ತಾವ್ರಿ, ಅಕ್ಕಾರ. ತಪಾಸಣಿಗೆ ಯಾರರೆ ಬಂದಾಗ ಹಾಕಸ್ತೇವಿ,” ಎಂದು ನಕ್ಕಿರಿ.

ನನ್ನ ಗಂಡ ನಗಲಿಲ್ಲ. ವಾಪಸು ಬರುವಾಗ ಟಂಟಂ ಆಟೋದಲ್ಲಿ ಹೇಳಿದರು. ಹೋದ ವಾರ ಸರಪಳಿಯ ಕೊಂಡಿ ಜಾರುವುದನ್ನು ಕಂಡು ಇವರು ಮೇಲಿನಿಂದ ಚೀರಿದ್ದಾರೆ. ಯಂತ್ರಗಳ ಸದ್ದಿನಲ್ಲಿ ಕೆಳಗೆ ಕಟ್ಟಿಗೆ ಸರಪಳಿ ಬಿಗಿಯುವ ಸೋಮನಿಂಗಣ್ಣನಿಗೆ ಕೇಳಿಸಿಲ್ಲ. ಕಟ್ಟು ಬಿದ್ದು ಅವರ ಕಾಲು ಮುರಿದಿದೆ.

ನಿಮ್ಮ ಕೈಗೆ ಉಂಡಿ ಇಟ್ಟಿದ್ದಕ್ಕೆ ನನಗೆ ಹೇಸಿಗೆಯಾಗುತ್ತಿದೆ.

ದಯವಿಟ್ಟು ಅವುಗಳನ್ನು ಒರೆಸಿ, ಚಾರ್ಜ್ ಮಾಡಿಸಿ, ಸೋಮವಾರದ ಪಾಳಿಯವರಿಗೆಲ್ಲ ಕೊಡಿ. “ಸುಮ್ಕ ಇರು, ಭಾಗ್ಯಾ. ಸಾಹೇಬ್ರಿಗೆ ಸಿಟ್ಟು ಬರ್ತೈತಿ,” ಎಂದು ಇವರು ಬೇಡಿಕೊಳ್ಳುತ್ತಿದ್ದಾರೆ. ಬರಲಿ. ಸೋಮವಾರ ಇವರ ಜೊತೆ ನಾನೂ ಗೇಟಿಗೆ ಬರುತ್ತೇನೆ. ಅಲಾರಂ ಕೊಡದಿದ್ದರೆ ಕ್ರೇನಿನ ಏಣಿ ಹತ್ತಲು ಬಿಡದೆ, ಎಲ್ಲರೆದುರು ಇವರ ಕೈಹಿಡಿದು ಮನೆಗೆ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಕ್ರೇನ್ ಚಾಲಕ ಯಲ್ಲಾಲಿಂಗ ಅವರ ಹೆಂಡತಿ,
ಭಾಗ್ಯಾ