ಐದನೇ ತಾರೀಖಿನ ಸಾಲ

ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ

ರೀ,

ಲಕೋಟೆಯ ಮೇಲೆ ನಿಮ್ಮ ವಿಳಾಸ ಬರೆಯುವುದು ಸುಲಭವಾಯಿತು. ಒಳಗೆ ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದುಹಾಕಿದೆ. ‘ಪ್ರಿಯ’ ಎಂದು ಬರೆದರೆ ನೀವು ನಗುತ್ತೀರಿ, ‘ಮಾನ್ಯರೇ’ ಎಂದರೆ ವಕೀಲರ ನೋಟೀಸು ಬಂತೆಂದು ಹೆದರುತ್ತೀರಿ. ಮದುವೆಯಾದಾಗಿನಿಂದ ಕರೆದದ್ದೇ ಇರಲಿ ಎಂದು ‘ರೀ’ ಎಂದೇ ಶುರು ಮಾಡಿದ್ದೇನೆ. ಎದುರಿಗೇ ಹೇಳಬಹುದಿತ್ತು. ಆದರೆ ನೀವು ಬಾಗಿಲ ಹತ್ತಿರ ನಿಂತೇ ಟೀ ಕುಡಿದು ಹೊರಡುವವರು. ನಾನು ಪೀಠಿಕೆ ಹಾಕುವಷ್ಟರಲ್ಲಿ ಮೆಟ್ಟಿಲು ಇಳಿದಿರುತ್ತೀರಿ.

ವಿಷಯ ಇಷ್ಟೇ. ಲಾಂಡ್ರಿ ಅಂಗಡಿಗೆಂದು ನಾವಿಬ್ಬರೂ ಸಹಿ ಹಾಕಿ ತೆಗೆದುಕೊಂಡಿದ್ದ ಪರ್ಸನಲ್ ಲೋನ್ ತೀರಿದೆ. ಪೂರ್ತಿ ತೀರಿದೆ. ಇನ್ನು ಪ್ರತಿ ತಿಂಗಳ ಐದನೇ ತಾರೀಖು ನೀವು ಅರ್ಧ ಕಂತು ಹಿಡಿದುಕೊಂಡು ಬರಬೇಕಾಗಿಲ್ಲ.

ಗಾಬರಿಯಾಗಬೇಡಿ. ಒಡವೆ ಮಾರಿಲ್ಲ, ಅಣ್ಣನ ಮುಂದೆ ಕೈಚಾಚಿಲ್ಲ. ಒಂದು ಕ್ರೆಡಿಟ್ ಕಾರ್ಡ್ ತೆಗೆದುಕೊಂಡೆ, ಒಂದೂವರೆ ವರ್ಷ ಬಡ್ಡಿಯೇ ಇಲ್ಲದ್ದು. ಅದರ ಜಾಹೀರಾತು ಅಂಚೆಯಲ್ಲಿ ಬಂದಾಗ ನಾನೂ ನಕ್ಕಿದ್ದೆ. ಬಡ್ಡಿ ಬೇಡ ಎನ್ನುವ ಬ್ಯಾಂಕನ್ನೂ ಹಾಲು ಬೇಡ ಎನ್ನುವ ಬೆಕ್ಕನ್ನೂ ಯಾರು ನಂಬುತ್ತಾರೆ? ಆಮೇಲೆ ಕನ್ನಡಕ ಹಾಕಿಕೊಂಡು, ಕೆಳಗಿನ ಸಣ್ಣ ಅಕ್ಷರಗಳನ್ನೂ ಬಿಡದೆ ಓದಿದೆ. ಕಾರ್ಡಿನ ಲೆಕ್ಕದಿಂದ ಹಣವನ್ನು ನನ್ನ ಖಾತೆಗೆ ಹಾಕುತ್ತಾರೆ, ಅದಕ್ಕೆ ಒಂದೇ ಒಂದು ಸಲ ಶುಲ್ಕ ಹಿಡಿಯುತ್ತಾರೆ. ಆ ಹಣದಿಂದ ಹಳೆಯ ಸಾಲವನ್ನು ಕಟ್ಟಿಬಿಡಬಹುದು. ಅವಧಿಗೆ ಮುಂಚೆ ಮುಗಿಸುತ್ತೇವೆಂದು ಅಲ್ಲೂ ಒಂದಿಷ್ಟು ದಂಡ ಬೀಳುತ್ತದೆ. ಎರಡನ್ನೂ ಕೂಡಿಸಿದರೂ ನಾವು ಮುಂದೆ ಕಟ್ಟಬೇಕಿದ್ದ ಬಡ್ಡಿಯ ಅರ್ಧದಷ್ಟೂ ಆಗಲಿಲ್ಲ. ಸಾಲವೇನೂ ಮಾಯವಾಗಿಲ್ಲ, ಮನೆ ಬದಲಾಯಿಸಿದೆ ಅಷ್ಟೇ. ಹೊಸ ಮನೆ ನನ್ನೊಬ್ಬಳ ಹೆಸರಿನಲ್ಲಿದೆ.

ಷರತ್ತು ಇದ್ದೇ ಇದೆ. ಒಂದು ಕಂತು ತಪ್ಪಿದರೂ ಬಡ್ಡಿ ಶುರುವಾಗುತ್ತದೆ. ಅವಧಿ ಮುಗಿದಾಗ ಬಾಕಿ ಉಳಿಸಿಕೊಂಡರೆ ಹಳೆಯ ಸಾಲವೇ ಎಷ್ಟೋ ವಾಸಿಯಿತ್ತು ಅನ್ನಿಸುವಂಥ ಬಡ್ಡಿ. ಅದಕ್ಕೇ ಸಂಬಳ ಬಂದ ದಿನವೇ ಕಂತು ತಾನಾಗಿ ಹೋಗುವ ಹಾಗೆ ಮಾಡಿದ್ದೇನೆ. ಕಾರ್ಡಿನಲ್ಲಿ ಒಂದು ಸೂಜಿಯನ್ನೂ ಕೊಳ್ಳುವುದಿಲ್ಲ. ಸುಲಭಕ್ಕೆ ಕೈಗೆ ಸಿಗದಿರಲೆಂದು ಅದನ್ನು ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿಟ್ಟು, ಅದರ ಮೇಲೆ ಕಂಬಳಿಗಳನ್ನು ಪೇರಿಸಿದ್ದೇನೆ.

ಹಲ್ಲಿನ ಲ್ಯಾಬಿನಲ್ಲಿ ಈಗ ಸಂಜೆಯೂ ಕೆಲಸ ಮಾಡುತ್ತೇನೆ. ವಾರಕ್ಕೆ ಒಂದೆರಡು ಹಲ್ಲಿನ ಸೆಟ್ ಹೆಚ್ಚಾಗಿ ಕಟ್ಟುತ್ತೇನೆ. ಪ್ಲಾಸ್ಟರಿನ ಪುಡಿ ಹುಬ್ಬಿನ ಮೇಲೆಲ್ಲ ಕೂತು, ಕನ್ನಡಿಯಲ್ಲಿ ನಮ್ಮಮ್ಮನೇ ಕಂಡ ಹಾಗಾಗುತ್ತದೆ. ಮೊನ್ನೆ ಒಬ್ಬ ಅಜ್ಜನ ಮೇಲಿನ ಸೆಟ್ಟನ್ನು ಎಷ್ಟು ಸಲ ತಿದ್ದಿದರೂ ಮುಗಿಯಲಿಲ್ಲ. ಪ್ಲಾಸ್ಟರಿನ ಅಚ್ಚಿನ ಮೇಲೆ ಸರಿಯಾಗಿ ಕೂತದ್ದು ಬಾಯಲ್ಲಿ ಕೂರುತ್ತಿಲ್ಲ ಎಂದು ಡಾಕ್ಟರು ವಾಪಸು ಕಳಿಸುತ್ತಲೇ ಇದ್ದರು. ಕೊನೆಗೆ ಅಜ್ಜನೇ, ಇರಲಿ ಬಿಡಿ, ನಗೋದಕ್ಕೆ ಇದು ಸಾಕು, ತಿನ್ನೋದು ಹೇಗೋ ಆಗುತ್ತೆ ಅಂದರಂತೆ. ಲ್ಯಾಬಿನಲ್ಲಿ ಎಲ್ಲರೂ ನಕ್ಕರು. ಮನೆಗೆ ಬಂದು ನಿಮಗೆ ಹೇಳಬೇಕು ಅನ್ನಿಸಿತು.

ಇಷ್ಟು ಆತುರ ಯಾಕೆ ಎಂದು ನೀವು ಕೇಳಬಹುದು. ಬೇಸಿಗೆಯಲ್ಲಿ ಒಂದು ಸಲ ಬಂದಾಗ ನೀವೇ ಹೇಳಿದ್ದಿರಿ. ಸರ್ವಿಸ್ ಸೆಂಟರಿನ ಚಾಕರಿ ಸಾಕಾಗಿದೆ, ವಾಷಿಂಗ್ ಮಷಿನ್ ರಿಪೇರಿಗೆ ಸ್ವಂತದ್ದೊಂದು ಅಂಗಡಿ ಹಿಡಿಯೋಣವೆಂದರೆ ಹಳೆಯ ಸಾಲ ಹೆಸರಿನಲ್ಲಿರುವ ತನಕ ಯಾವ ಬ್ಯಾಂಕೂ ಕೊಡುತ್ತಿಲ್ಲ ಎಂದು. ದೂರುವ ದನಿಯೇ ಇರಲಿಲ್ಲ. ಟೀಗೆ ಸಕ್ಕರೆ ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿ ಹೋದಿರಿ. ನನಗೆ ಆ ದಿನ ಊಟ ಸೇರಲಿಲ್ಲ. ಲಾಂಡ್ರಿ ಇಬ್ಬರ ಆಸೆಯಾಗಿತ್ತು, ಮುಳುಗಿದ್ದೂ ಇಬ್ಬರ ಕೈಯಲ್ಲೇ. ಅದರ ಭಾರ ನಿಮ್ಮ ಮುಂದಿನ ಬಾಗಿಲಿಗೂ ಅಡ್ಡ ಬಿದ್ದಿದೆ ಎಂದು ತಿಳಿದ ಮೇಲೆ ಸುಮ್ಮನಿರುವುದು ಹೇಗೆ?

ಸಾಲ ಮುಗಿಸಲು ಹೋದ ದಿನ ಬ್ಯಾಂಕಿನ ಹುಡುಗಿ, ಜೊತೆಗೆ ಸಹಿ ಮಾಡಿದವರು ನಿಮಗೇನಾಗಬೇಕು ಎಂದು ಕೇಳಿದಳು. ಏನು ಹೇಳಲಿ? ಬೇರೆ ಬೇರೆ ಇದ್ದೀವಿ ಎಂದು ವಿವರಿಸಲು ಹೊರಟರೆ ಹಿಂದೆ ನಿಂತವರೆಲ್ಲ ಸೇರಿ ಪಂಚಾಯ್ತಿ ಮಾಡುತ್ತಿದ್ದರು. ಯಜಮಾನರು ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಅವಳು ತಲೆ ಕೂಡ ಎತ್ತದೆ ಟೈಪ್ ಮಾಡಿಕೊಂಡಳು.

ಆ ದಿನ ನಿಮ್ಮ ಮಾತು ನೆನಪಾಯಿತು. ಬಟ್ಟೆ ಜೋಡಿಸಿಕೊಂಡು ಮನೆ ಬಿಟ್ಟು ಹೊರಡುವಾಗ, ನಮ್ಮಿಬ್ಬರ ಮಧ್ಯೆ ಉಳಿದಿರೋದು ಸಾಲ ಒಂದೇ ಅಂದಿರಿ. ಕೂಗಾಡಿ ಹೇಳಿದ್ದರೆ ಮರೆಯುತ್ತಿದ್ದೆ, ಮೆಲ್ಲಗೆ ಹೇಳಿದ್ದಕ್ಕೇ ಮರೆಯಲಾಗಲಿಲ್ಲ. ಎರಡು ವರ್ಷದಿಂದ ಅದು ನಿಜವೋ ಸುಳ್ಳೋ ಎಂದು ಯೋಚಿಸುತ್ತಲೇ ಇದ್ದೇನೆ. ಮೊಬೈಲಿನಲ್ಲಿ ಒಂದು ಸಲ ಬೆರಳಿಟ್ಟರೆ ಬರುವ ಹಣವನ್ನು ನೀವು ಎರಡು ಬಸ್ಸು ಬದಲಾಯಿಸಿ, ಅಂಗಿ ಇಸ್ತ್ರಿ ಮಾಡಿಕೊಂಡು ತರುತ್ತೀರಿ. ಎಣಿಸಿಕೋ ಎನ್ನುತ್ತೀರಿ. ನಾನು ಎಣಿಸುವಷ್ಟು ಹೊತ್ತು ಫ್ರಿಜ್ಜಿನ ಸದ್ದಿಗೆ ಕಿವಿಕೊಟ್ಟು ನಿಲ್ಲುತ್ತೀರಿ, ಸಡಿಲವಾದ ಬಾಗಿಲ ಚಿಲಕವನ್ನು ಕೇಳದೆಯೇ ಬಿಗಿ ಮಾಡುತ್ತೀರಿ. ಯಾಕೆ ಬರುತ್ತೀರಿ ಎಂದು ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ.

ಇರಲಿ. ಈಗ ಬ್ಯಾಂಕಿಗೆ ಹೋಗಿ ಕೇಳಿ, ನಿಮ್ಮ ಹೆಸರಿನಲ್ಲಿ ಹಳೆಯದು ಏನೂ ಇಲ್ಲ. ಒಳ್ಳೆಯ ಜಾಗದಲ್ಲಿ ಅಂಗಡಿ ಹಿಡಿಯಿರಿ, ಬೆಳಕು ಬರುವಂಥದ್ದು. ನಿಮಗೆ ಕತ್ತಲಲ್ಲಿ ಕೂತು ಕಣ್ಣು ಕಿರಿದು ಮಾಡಿಕೊಳ್ಳುವ ಚಾಳಿ ಇದೆ. ನನ್ನ ಪಾಲು ಕೊಟ್ಟೇ ಕೊಡುತ್ತೇನೆಂದು ನೀವು ಜಗಳಕ್ಕೆ ನಿಲ್ಲಬೇಡಿ. ಅಂಗಡಿ ಕೈಹಿಡಿದ ಮೇಲೆ ಆ ಲೆಕ್ಕ ನೋಡೋಣ, ಅಲ್ಲಿಯತನಕ ನನ್ನ ಸಂಬಳ ಸಾಲುತ್ತದೆ. ನಿಮಗೆ ಬಸ್ಸಿನ ತಾಪತ್ರಯ ತಪ್ಪಿತು. ನನಗೂ ಆ ಸಂಜೆ ಓಡಿ ಬಂದು ಟೀಗೆ ನೀರಿಡುವ ಗಡಿಬಿಡಿ ಇಲ್ಲ. ಇಬ್ಬರಿಗೂ ಒಳ್ಳೆಯದೇ ಆಯಿತು.

ಆರೋಗ್ಯ ನೋಡಿಕೊಳ್ಳಿ.

ಇಂತಿ,
ಜಗಳವಿಲ್ಲದ ದಿನಗಳಲ್ಲಿ ನೀವು ಕರೆಯುತ್ತಿದ್ದ
ಹಲ್ಲಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಸಾಲ ತೀರಿದ್ದು ಈ ವಾರವಲ್ಲ, ತೀರಿ ಮೂರು ತಿಂಗಳಾಯಿತು. ಆಗಲೇ ಹೇಳಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಅಂಗಡಿಗೆ ಬೋರ್ಡು ಬಿದ್ದಿರುತ್ತಿತ್ತು. ಪ್ರತಿ ಸಲವೂ ಇವತ್ತು ಹೇಳಿಯೇ ಬಿಡಬೇಕೆಂದು ಬಾಗಿಲು ತೆಗೆದೆ. ನಿಮ್ಮ ಮುಖ ನೋಡಿದ ಮೇಲೆ, ಇನ್ನೊಂದೇ ಒಂದು ತಿಂಗಳು ಬರಲಿ ಎಂದುಕೊಂಡು ಸುಮ್ಮನೆ ಕೂತು ಎಣಿಸಿದೆ. ಇಲ್ಲದ ಸಾಲಕ್ಕೆ ನೀವು ತಂದುಕೊಟ್ಟ ಮೂರೂ ಅರ್ಧ ಕಂತುಗಳನ್ನು ನಿನ್ನೆ ನಿಮ್ಮ ಖಾತೆಗೆ ಹಾಕಿದ್ದೇನೆ. ಬಯ್ಯುವುದಿದ್ದರೆ ಬಯ್ಯಿರಿ, ಫೋನಿನಲ್ಲಿ ಮಾತ್ರ ಬೇಡ. ಐದನೇ ತಾರೀಖು ಲ್ಯಾಬಿನಿಂದ ಬೇಗ ಬರುತ್ತೇನೆ. ಬರಿಗೈಯಲ್ಲಿ ಬನ್ನಿ.